ಗದ್ದಲದ ಡಬ್ಬಕ್ಕೆ ಬೇರೆ ಮನೆ

ರಾತ್ರಿ ಹನ್ನೊಂದು ದಾಟಿದ ಮೇಲೆ ಮೈಕಿನ ಮುಂದೆ ಕೂರುವವರು ಈಗ ನಮ್ಮ ಊರುಗಳಲ್ಲೂ ಕಮ್ಮಿಯೇನಿಲ್ಲ. ಆಡಿಯೊ ಪುಸ್ತಕ ಓದುವವರು, ಯೂಟ್ಯೂಬಿಗೆ ಪಾಠ ಮಾಡುವ ಮೇಷ್ಟ್ರುಗಳು, ಮನೆಯಿಂದಲೇ ಜಾಹೀರಾತಿಗೆ ದನಿ ಕೊಡುವವರು, ಹಾಡಿನ ಟ್ರ್ಯಾಕ್ ಹಾಡಿ ಕಳಿಸುವವರು. ಬೀದಿನಾಯಿಗಳು ಸುಮ್ಮನಾಗಬೇಕು, ಪಕ್ಕದ ಮನೆಯ ಟಿ.ವಿ. ಆರಬೇಕು, ಸೆಖೆಯಾದರೂ ಫ್ಯಾನ್ ನಿಲ್ಲಿಸಬೇಕು. ಇಷ್ಟೆಲ್ಲ ಸಾಹಸ ಮಾಡಿ ರೆಕಾರ್ಡಿಂಗ್ ಗುಂಡಿ ಒತ್ತಿದರೂ ಪರದೆಯ ಮೇಲಿನ ಹಸಿರು ಪಟ್ಟಿ ಪೂರ್ತಿ ಕೆಳಕ್ಕೆ ಇಳಿಯುವುದಿಲ್ಲ. ಬಾಯಿ ಮುಚ್ಚಿ ಕೂತರೂ ಅದು ಅಲ್ಲಾಡುತ್ತಲೇ ಇರುತ್ತದೆ. ಮೊಣಕಾಲಿನ ಪಕ್ಕದಲ್ಲಿ, ಮೇಜಿನ ಕೆಳಗೆ ಗುಂಯ್‌ಗುಡುತ್ತಿರುವ ಡಬ್ಬ, ನಾವೆಲ್ಲ ಸಿಪಿಯು ಎಂದು ಕರೆಯುವ ಡಬ್ಬ, ತನ್ನ ದನಿಯನ್ನೂ ಮೈಕಿಗೆ ಸೇರಿಸಿರುತ್ತದೆ.

ಸಾಫ್ಟ್‌ವೇರಿನಲ್ಲಿ ತೆಗೆದರಾಯಿತು ಎನ್ನುವವರಿದ್ದಾರೆ. ತೆಗೆಯಬಹುದು, ಒಂದಿಷ್ಟು. ಆದರೆ ಲೆಕ್ಕ ನೋಡಿ. ಏಳು ರೆಕ್ಕೆಯ ಫ್ಯಾನು ನಿಮಿಷಕ್ಕೆ 1500 ಸುತ್ತು ಸುತ್ತಿದರೆ ರೆಕ್ಕೆಗಳು ಸೆಕೆಂಡಿಗೆ 175 ಸಲ ಗಾಳಿಯನ್ನು ಬಡಿಯುತ್ತವೆ. ಅದು 175 ಹರ್ಟ್ಸ್‌ನ ಒಂದು ಸ್ವರ. ನಿಮಿಷಕ್ಕೆ 7200 ಸುತ್ತುವ ಹಾರ್ಡ್‌ಡಿಸ್ಕಿನ ಸ್ವರ 120 ಹರ್ಟ್ಸ್. ಗಂಡಸರು ಹೆಂಗಸರು ಮಾತಾಡುವಾಗಿನ ಮೂಲಸ್ವರವೂ ಸರಿಸುಮಾರು 100ರಿಂದ 250 ಹರ್ಟ್ಸ್‌ನೊಳಗೇ ಓಡಾಡುತ್ತದೆ. ಒಂದನ್ನು ಉಜ್ಜಿ ಅಳಿಸಹೊರಟರೆ ಇನ್ನೊಂದೂ ಸವೆಯುತ್ತದೆ. ದನಿಯಲ್ಲಿ ತಗಡಿನ ಛಾಯೆ ಬರುತ್ತದೆ, 'ಸ'ಕಾರ 'ಶ'ಕಾರಗಳ ಅಂಚು ಹರಿಯುತ್ತದೆ. ಸದ್ದು ಮೈಕಿಗೆ ಬರದಂತೆ ಮಾಡುವುದೇ ಮೇಲು.

ಅಷ್ಟಕ್ಕೂ ಆ ಡಬ್ಬ ಕೂಗುವುದು ಬಿಸಿ ತಾಳಲಾರದೆ. ಕಂಪ್ಯೂಟರ್ ಎಳೆದುಕೊಳ್ಳುವ ವಿದ್ಯುತ್ತು ಎಷ್ಟೇ ಲೆಕ್ಕ ಮಾಡಿ, ಎಷ್ಟೇ ಚಿತ್ರ ಬರೆದು ಮುಗಿಸಿದರೂ ಕೊನೆಗೆ ಬಹುಪಾಲು ಶಾಖವೇ ಆಗುತ್ತದೆ. ಅದನ್ನು ಹೊರಹಾಕಲು ಗಾಳಿ ಬೇಕು, ಗಾಳಿಗೆ ಫ್ಯಾನು ಬೇಕು. ಇದನ್ನು ಒಪ್ಪಿಕೊಳ್ಳಲು ಆ್ಯಪಲ್ ಕಂಪನಿಯ ಸ್ಟೀವ್ ಜಾಬ್ಸ್‌ಗೆ ಮನಸ್ಸಿರಲಿಲ್ಲ. 1977ರ ಆ್ಯಪಲ್ 2 ಫ್ಯಾನಿಲ್ಲದೆಯೇ ಬಂತು. ರಾಡ್ ಹೋಲ್ಟ್ ಎಂಬ ಎಂಜಿನಿಯರ್ ಕಡಿಮೆ ಬಿಸಿಯಾಗುವ ಸ್ವಿಚಿಂಗ್ ಪವರ್ ಸಪ್ಲೈ ಮಾಡಿಕೊಟ್ಟದ್ದರಿಂದ ಅದು ನಡೆಯಿತು. 1980ರ ಆ್ಯಪಲ್ 3ಕ್ಕೂ ಫ್ಯಾನ್ ಇರಲಿಲ್ಲ. ಈ ಸಲ ನಡೆಯಲಿಲ್ಲ. ಒಳಗಿನ ಚಿಪ್‌ಗಳು ಬಿಸಿಗೆ ತಮ್ಮ ಸಾಕೆಟ್‌ಗಳಿಂದ ಸಡಿಲಾಗತೊಡಗಿದವು. ಮಷೀನನ್ನು ಎರಡು ಮೂರು ಇಂಚು ಎತ್ತಿ ಮೇಜಿನ ಮೇಲೆ ಕುಕ್ಕಿದರೆ ಚಿಪ್‌ಗಳು ಮತ್ತೆ ಕೂರುತ್ತವೆ ಎಂದು ಕಂಪನಿಯೇ ಸಲಹೆ ಕೊಡಬೇಕಾಯಿತು. 2002ರಲ್ಲಿ ಅದೇ ಕಂಪನಿಯ ಪವರ್ ಮ್ಯಾಕ್ ಜಿ4 ಎಂಥ ಸದ್ದು ಮಾಡುತ್ತಿತ್ತೆಂದರೆ ಕೊಂಡವರು ಅದನ್ನು 'ವಿಂಡ್ ಟನಲ್' ಎಂದೇ ಕರೆದರು. ಮಾರನೆಯ ವರ್ಷ ಹೊಸ ಫ್ಯಾನನ್ನೂ ಪವರ್ ಸಪ್ಲೈಯನ್ನೂ ಕಂಪನಿ ಬದಲಿಯಾಗಿ ಕಳಿಸಿತು. 2003ರ ಎನ್‌ವಿಡಿಯಾದ ಜಿಫೋರ್ಸ್ ಎಫ್‌ಎಕ್ಸ್ 5800 ಅಲ್ಟ್ರಾ ಕಾರ್ಡಿನ ಸದ್ದು ಎಷ್ಟು ಕುಖ್ಯಾತವಾಯಿತೆಂದರೆ ಕಂಪನಿಯವರೇ ತಮ್ಮ ಕಾರ್ಡನ್ನು ಗೇಲಿ ಮಾಡುವ ವಿಡಿಯೊ ತೆಗೆದು ಹಂಚಿದರು. ಆಗಿನ ಕಾರ್ಡುಗಳು ನೂರು ವ್ಯಾಟಿನ ಒಳಗೇ ಇರುತ್ತಿದ್ದವು. 2025ರ ಆರ್‌ಟಿಎಕ್ಸ್ 5090 ಕಾರ್ಡೊಂದರ ಹಸಿವೇ 575 ವ್ಯಾಟ್.

ಬೇರೆ ಮನೆ ಮಾಡಿಸುವ ಮೊದಲು ಇದ್ದಲ್ಲೇ ಬುದ್ಧಿ ಹೇಳಿ ನೋಡಬೇಕು. ವರ್ಷಗಟ್ಟಲೆ ಕೂತ ದೂಳನ್ನು ಬ್ಲೋವರ್ ಹಿಡಿದು ಊದಿಸುವುದು, 80 ಮಿಲಿಮೀಟರಿನ ಪುಟ್ಟ ಫ್ಯಾನ್ ತೆಗೆದು 120 ಅಥವಾ 140ರದ್ದು ಹಾಕುವುದು, ಹಾರ್ಡ್‌ಡಿಸ್ಕ್ ಬಿಟ್ಟು ಎಸ್‌ಎಸ್‌ಡಿಗೆ ಹೋಗುವುದು. ಫ್ಯಾನಿನ ವೇಗ ಅರ್ಧಕ್ಕಿಳಿದರೆ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತದೆ. 10 ಡೆಸಿಬೆಲ್ ಇಳಿದರೇ ಕಿವಿಗೆ ಸದ್ದು ಅರ್ಧವಾದಂತೆ ಕೇಳುತ್ತದೆ. ಹಾಗಾಗಿ ದೊಡ್ಡ ಫ್ಯಾನು ನಿಧಾನವಾಗಿ ತಿರುಗುವುದು ಯಾವತ್ತೂ ಲಾಭವೇ. ಆದರೆ ಇದಕ್ಕೊಂದು ತಳವಿದೆ. ವಿಡಿಯೊ ಎಡಿಟಿಂಗ್ ಶುರುವಾದ ಕೂಡಲೇ ಎಲ್ಲ ಫ್ಯಾನ್‌ಗಳೂ ಮತ್ತೆ ಎದ್ದು ನಿಲ್ಲುತ್ತವೆ. ಫ್ಯಾನುಗಳು ಸುಮ್ಮನಿದ್ದಾಗಲೂ ಗ್ರಾಫಿಕ್ಸ್ ಕಾರ್ಡಿನ ತಾಮ್ರದ ಸುರುಳಿಗಳು ಜೀರುಂಡೆಯ ದನಿ ತೆಗೆಯುವುದುಂಟು, ಅದಕ್ಕೆ ಮದ್ದಿಲ್ಲ. 'ಸೈಲೆಂಟ್' ಎಂದು ಬರೆದ ದುಬಾರಿ ಕ್ಯಾಬಿನೆಟ್ಟುಗಳ ಬಗ್ಗೆ ನನಗೆ ಹೆಚ್ಚು ಗೌರವವಿಲ್ಲ: ಒಳಗೆ ಸ್ಪಂಜು ಅಂಟಿಸಿ ಗಾಳಿಯ ದಾರಿ ಕಿರಿದು ಮಾಡಿದರೆ ಫ್ಯಾನು ಇನ್ನಷ್ಟು ಜೋರಾಗಿ ತಿರುಗುತ್ತದೆ, ಅಷ್ಟೆ.

ಸ್ಟುಡಿಯೊಗಳು ಈ ಗೋಜಿಗೇ ಹೋಗಲಿಲ್ಲ. ಟೇಪು ತಿರುಗುವ ಕಾಲದಿಂದಲೂ ದೊಡ್ಡ ಸ್ಟುಡಿಯೊಗಳಲ್ಲಿ ಮಷೀನ್ ರೂಮ್ ಎಂಬ ಪ್ರತ್ಯೇಕ ಕೋಣೆ ಇರುತ್ತದೆ. ಟೇಪ್ ರೆಕಾರ್ಡರು, ಆ್ಯಂಪ್ಲಿಫೈಯರು, ಆಮೇಲೆ ಬಂದ ಕಂಪ್ಯೂಟರು, ಸದ್ದು ಮಾಡುವುದೆಲ್ಲ ಅಲ್ಲಿ. ಎಂಜಿನಿಯರಿನ ಮುಂದೆ ಪರದೆ, ಕೀಬೋರ್ಡ್, ಮಿಕ್ಸರ್ ಮಾತ್ರ. ಅಷ್ಟೇಕೆ, ಕಂಪ್ಯೂಟರ್ ಹುಟ್ಟಿದ್ದೇ ಬೇರೆ ಕೋಣೆಯಲ್ಲಿ. 1970ರ ದಶಕದ ಐಬಿಎಂ 3270 ಟರ್ಮಿನಲ್ಲಿನ ಮುಂದೆ ಕೂತ ಬ್ಯಾಂಕಿನ ಗುಮಾಸ್ತನಿಂದ ಯಂತ್ರದ ಕಡೆಯ ನಿಯಂತ್ರಕ ಪೆಟ್ಟಿಗೆಗೆ ಸುಮಾರು ಒಂದೂವರೆ ಕಿಲೋಮೀಟರಿನವರೆಗೆ ಕೇಬಲ್ ಎಳೆಯಬಹುದಿತ್ತು. ಮೇಜಿನ ಕೆಳಗೆ ಡಬ್ಬ ಇಟ್ಟುಕೊಳ್ಳುವುದು ನಡುವೆ ಬಂದ ಅಭ್ಯಾಸ.

ಸರಿ, ದೂರ ಇಡೋಣ. ಎಷ್ಟು ದೂರ?

ಇಲ್ಲಿ ಬಹಳ ಜನ ಎಡವುತ್ತಾರೆ. ಬಯಲಿನಲ್ಲಾದರೆ ದೂರ ಇಮ್ಮಡಿಯಾದ ಹಾಗೆಲ್ಲ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಅರ್ಧ ಮೀಟರಿನಲ್ಲಿದ್ದದ್ದನ್ನು ನಾಲ್ಕು ಮೀಟರಿಗೆ ಒಯ್ದರೆ 18 ಡೆಸಿಬೆಲ್ ಉಳಿತಾಯವಾಗಬೇಕು. ಕೋಣೆಯೊಳಗೆ ಹಾಗಾಗುವುದಿಲ್ಲ. ನಮ್ಮ ಮನೆಗಳ ಸಾಮಾನ್ಯ ಕೋಣೆ ಹನ್ನೆರಡಡಿ ಉದ್ದ, ಹತ್ತಡಿ ಅಗಲ. ನೆಲಕ್ಕೆ ಗ್ರಾನೈಟೋ ವಿಟ್ರಿಫೈಡ್ ಟೈಲೋ, ಗೋಡೆಗೆ ಗಾರೆ, ಮೇಲೆ ಕಾಂಕ್ರೀಟು. ಸದ್ದನ್ನು ಹೀರುವ ವಸ್ತುವೇ ಇಲ್ಲ. ಇಂಥಲ್ಲಿ ಸದ್ದು ಗೋಡೆಯಿಂದ ಗೋಡೆಗೆ ಪುಟಿದು ಕೋಣೆಯನ್ನೆಲ್ಲ ಒಂದೇ ಸಮನಾಗಿ ತುಂಬಿಬಿಡುತ್ತದೆ. ಡಬ್ಬದಿಂದ ನೇರ ಬರುವ ಸದ್ದಿಗಿಂತ ಗೋಡೆಗೆ ಬಡಿದು ಬರುವ ಸದ್ದೇ ಹೆಚ್ಚಾಗುವ ಗಡಿ ಅರ್ಧ ಮೀಟರಿನ ಒಳಗೇ ಮುಗಿದುಹೋಗಿರುತ್ತದೆ. ಅದರಾಚೆ ಎರಡು ಮೀಟರ್ ಇಟ್ಟರೂ ನಾಲ್ಕು ಮೀಟರ್ ಇಟ್ಟರೂ ಹೆಚ್ಚು ವ್ಯತ್ಯಾಸವಿಲ್ಲ. ಹತ್ತು ಮೀಟರಿನ ಕೇಬಲ್ ತಂದು ಡಬ್ಬವನ್ನು ಅದೇ ಕೋಣೆಯ ಎದುರು ಮೂಲೆಗೆ ಸಾಗಿಸಿದವರು ಖರ್ಚಿಗೆ ತಕ್ಕ ಫಲ ಕಾಣದಿರುವುದು ಇದಕ್ಕೇ. ಸಾಲದ್ದಕ್ಕೆ, ಎರಡು ಗೋಡೆ ನೆಲ ಕೂಡುವ ಮೂಲೆ ಕೆಳಸ್ವರಗಳನ್ನು ಇನ್ನಷ್ಟು ಹಿಗ್ಗಿಸುತ್ತದೆ.

ಬೇಕಾದದ್ದು ದೂರವಲ್ಲ, ಗೋಡೆ. ಎರಡೂ ಕಡೆ ಗಾರೆ ಮಾಡಿದ ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆ ಸುಮಾರು 40 ಡೆಸಿಬೆಲ್‌ಗೂ ಹೆಚ್ಚು ಸದ್ದನ್ನು ತಡೆಯುತ್ತದೆ. ಜೋರು ಕೆಲಸದಲ್ಲಿ ಹತ್ತಿರದಿಂದ 45 ಡೆಸಿಬೆಲ್ ಅಳೆಯುವ ಡಬ್ಬ ಅದರಾಚೆ ಇದ್ದರೆ ಈಚೆಗೆ ಕೇಳುವುದೇ ಇಲ್ಲ. ಅಮೆರಿಕದ ಮನೆಗಳಲ್ಲಿ ಒಳಗೋಡೆ ಎಂದರೆ ಮರದ ಚೌಕಟ್ಟಿಗೆ ಹೊಡೆದ ಜಿಪ್ಸಮ್ ಹಲಗೆ. ತೂತು ಕೊರೆಯುವುದು ಸಲೀಸು, ಸದ್ದು ದಾಟುವುದೂ ಸಲೀಸು. ನಮ್ಮದು ತಿರುಗಾಮುರುಗ. ಕೊರೆಯಲು ಹ್ಯಾಮರ್ ಡ್ರಿಲ್ ಬೇಕು, ಆದರೆ ಕೊರೆದ ಮೇಲೆ ಅದಕ್ಕಿಂತ ಒಳ್ಳೆಯ ತಡೆ ಬೇರೊಂದಿಲ್ಲ.

ಗೋಡೆಗೆ ತೂತು ಮಾಡಿದರೆ ಸದ್ದು ಅಲ್ಲಿಂದಲೇ ನುಸುಳುವುದಿಲ್ಲವೇ? ನುಸುಳುತ್ತದೆ, ಅಂದುಕೊಂಡಷ್ಟಲ್ಲ. ಹತ್ತು ಚದರ ಮೀಟರ್ ಗೋಡೆಯಲ್ಲಿ ಎರಡು ಇಂಚು ವ್ಯಾಸದ ತೂತೆಂದರೆ ಐದು ಸಾವಿರದಲ್ಲಿ ಒಂದು ಪಾಲು. ಬಾಯಿ ತೆರೆದೇ ಬಿಟ್ಟರೂ ತಡೆ 37 ಡೆಸಿಬೆಲ್ ಆಸುಪಾಸಿಗೆ ಇಳಿದೀತು. ಕೇಬಲ್ ಸುತ್ತ ಒಂದು ಹಿಡಿ ಹತ್ತಿಯನ್ನೋ ಸ್ಪಂಜನ್ನೋ ತುರುಕಿದರೆ ಅದೂ ಹೋಯಿತು. ನಿಜವಾದ ಕಳ್ಳದಾರಿ ಬಾಗಿಲು. ಬಾಗಿಲ ಕೆಳಗಿನ ಒಂದು ಸೆಂಟಿಮೀಟರ್ ಸಂದಿ ಮೂರಡಿ ಅಗಲಕ್ಕೆ ಲೆಕ್ಕ ಹಾಕಿದರೆ ಆ ತೂತಿನ ನಾಲ್ಕು ಪಟ್ಟಿಗೂ ಹೆಚ್ಚಾಗುತ್ತದೆ. ಟೊಳ್ಳು ಫ್ಲಶ್ ಡೋರಿನ ಹಲಗೆ ತಾನೇ ಬಿಟ್ಟುಕೊಡುವ ಸದ್ದು ಬೇರೆ. ಹೊಸ ಕೇಬಲಿಗೆ ದುಡ್ಡು ಸುರಿಯುವ ಮೊದಲು ಬಾಗಿಲ ಬುಡಕ್ಕೆ ಒಂದು ರಬ್ಬರ್ ಪಟ್ಟಿ ಹೊಡೆಸಿ.

ಗೋಡೆ ಲಾಭ ಎನ್ನುವುದಾದರೆ ಮೀಟರು ನಷ್ಟ. ಕೇಬಲ್ ಉದ್ದವಾದಷ್ಟೂ ತಾಪತ್ರಯ ಬೆಳೆಯುತ್ತದೆ, ಅದೂ ಒಂದೊಂದು ಕೇಬಲಿಗೆ ಒಂದೊಂದು ಬಗೆ.

ಪರದೆಯ ಕೇಬಲನ್ನೇ ಮೊದಲು ನೋಡಿ. 4ಕೆ ಪರದೆಯಲ್ಲಿ ಸುಮಾರು 83 ಲಕ್ಷ ಚುಕ್ಕೆಗಳು. ಪ್ರತಿ ಚುಕ್ಕೆಗೆ 24 ಬಿಟ್. ಸೆಕೆಂಡಿಗೆ 60 ಸಲ ಹೊಸ ಚಿತ್ರ. ಗುಣಿಸಿದರೆ ಸೆಕೆಂಡಿಗೆ ಸುಮಾರು 1200 ಕೋಟಿ ಬಿಟ್. ಇಷ್ಟು ವೇಗದ ಸಂಕೇತ ತಾಮ್ರದ ತಂತಿಯೊಳಗೆ ಹರಿಯುವುದಿಲ್ಲ, ತಂತಿಯ ಚರ್ಮಕ್ಕೆ ಅಂಟಿಕೊಂಡೇ ಓಡುತ್ತದೆ. ಮೀಟರು ಮೀಟರಿಗೂ ಸೊರಗುತ್ತದೆ. ಮೂರು ಮೀಟರಿನ ಒಳ್ಳೆಯ ಎಚ್‌ಡಿಎಂಐ ಕೇಬಲ್ ತಂಟೆಯಿಲ್ಲದೆ ಕೆಲಸ ಮಾಡುತ್ತದೆ. ಐದು ಮೀಟರಿನದು ಅದೃಷ್ಟ. ಹತ್ತು ಮೀಟರಿನ ಸಾದಾ ಕೇಬಲಿನಲ್ಲಿ ಪರದೆಯ ತುಂಬ ಬಿಳಿ ಚುಕ್ಕೆಗಳು ಮಿಣುಕುತ್ತವೆ, ಇಲ್ಲವೇ ಚಿತ್ರ ಎರಡು ಸೆಕೆಂಡು ಮಾಯವಾಗಿ ಮತ್ತೆ ಬರುತ್ತದೆ. ಪರದೆ ಕೆಟ್ಟಿತೆಂದು ಸರ್ವಿಸಿಗೆ ಹೊತ್ತವರೂ ಇದ್ದಾರೆ. ಹಳೆಯ ಫುಲ್ ಎಚ್‌ಡಿ ಪರದೆಗೆ ಇದರ ಕಾಲುಭಾಗ ಸಾಕು, ಆದ್ದರಿಂದ ಉದ್ದ ಕೇಬಲಿಗೂ ಅದು ಒಗ್ಗುತ್ತದೆ. ಡಿಸ್‌ಪ್ಲೇಪೋರ್ಟ್ ಇನ್ನೂ ನಾಜೂಕು. ಅದರ ಮೇಲಿನ ವೇಗಗಳಲ್ಲಿ ಎರಡು ಮೀಟರ್ ದಾಟಿದರೆ ಭರವಸೆ ಇಡುವಂತಿಲ್ಲ. ದೂರ ಹೋಗಲೇಬೇಕಾದರೆ ಒಳಗೆ ಗಾಜಿನ ಎಳೆಯಿರುವ ಆ್ಯಕ್ಟಿವ್ ಆಪ್ಟಿಕಲ್ ಕೇಬಲ್ ಇದೆ: ಮೂವತ್ತು ಮೀಟರಾದರೂ ಚಿತ್ರಕ್ಕೆ ಏನೂ ಆಗುವುದಿಲ್ಲ, ತೆಳ್ಳಗೂ ಇರುತ್ತದೆ. ಆದರೆ ಮಡಚಿ ಮೊಳೆ ಹೊಡೆದರೆ ಎಳೆ ಮುರಿಯಿತು, ಕೇಬಲ್ ಕಸಕ್ಕೆ.

ಯುಎಸ್‌ಬಿಯ ಕಥೆ ಬೇರೆ, ನನಗೆ ಹೆಚ್ಚು ಇಷ್ಟವಾದದ್ದು. ಯುಎಸ್‌ಬಿ 2.0 ಕೇಬಲ್ 5 ಮೀಟರಿಗಿಂತ ಉದ್ದ ಇರಕೂಡದು ಎಂಬುದು ನಿಯಮ. ಸಂಕೇತ ಸೊರಗುವುದಷ್ಟೇ ಇದಕ್ಕೆ ಕಾರಣವಲ್ಲ, ಕಂಪ್ಯೂಟರಿಗೆ ತಾಳ್ಮೆ ಇಲ್ಲದ್ದೂ ಕಾರಣ. ಯುಎಸ್‌ಬಿಯಲ್ಲಿ ಕೀಬೋರ್ಡ್ ತಾನಾಗಿ ಮಾತಾಡುವಂತಿಲ್ಲ. ಕಂಪ್ಯೂಟರ್ ಕೇಳಬೇಕು, ಅದು ಉತ್ತರಿಸಬೇಕು. ಪ್ರಶ್ನೆ ಹೋಗಿ ಉತ್ತರ ಬರಲು ಕೊಟ್ಟ ಗಡುವು ಸುಮಾರು ಒಂದೂವರೆ ಮೈಕ್ರೊಸೆಕೆಂಡ್. ಅಷ್ಟರೊಳಗೆ ಬರದಿದ್ದರೆ ಆ ಕಡೆ ಯಾರೂ ಇಲ್ಲ ಎಂದೇ ಲೆಕ್ಕ. ಈ ಗಡುವನ್ನು ದಾರಿಯ ಕೇಬಲ್‌ಗಳು ಹಾಗೂ ಹಬ್‌ಗಳ ನಡುವೆ ಹಂಚಿದಾಗ ಒಂದು ಕೇಬಲಿಗೆ ಸಿಕ್ಕ ಪಾಲು 26 ನ್ಯಾನೊಸೆಕೆಂಡ್. ತಂತಿಯಲ್ಲಿ ಸಂಕೇತ ನ್ಯಾನೊಸೆಕೆಂಡಿಗೆ ಓಡುವುದು ಸುಮಾರು 20 ಸೆಂಟಿಮೀಟರ್. ಗುಣಿಸಿ ನೋಡಿ, 5 ಮೀಟರಿಗೆ ಬಂದು ನಿಲ್ಲುತ್ತದೆ. ನಡುವೆ ಐದು ಹಬ್‌ವರೆಗೆ ಹಾಕಬಹುದಾದ್ದರಿಂದ ಆರು ಕೇಬಲ್ ಸೇರಿ 30 ಮೀಟರಿನ ತನಕ ಎಳೆಯಬಹುದು. ಅಂಗಡಿಯಲ್ಲಿ ಸಿಗುವ ಹತ್ತು ಮೀಟರಿನ 'ಆ್ಯಕ್ಟಿವ್' ಯುಎಸ್‌ಬಿ ಕೇಬಲಿನ ನಡುವಿನ ಗಂಟಿನಲ್ಲಿರುವುದು ಸಾಮಾನ್ಯವಾಗಿ ಇಂಥದೇ ಒಂದು ಪುಟ್ಟ ಹಬ್.

ಸಂಕೇತ ತಲುಪಿದರೂ ವಿದ್ಯುತ್ತು ತಲುಪದಿರಬಹುದು. ಅಗ್ಗದ ಕೇಬಲಿನೊಳಗಿನ 28 ಗೇಜಿನ ಕೂದಲೆಳೆ ತಂತಿಗೆ ಮೀಟರಿಗೆ ಸುಮಾರು 0.21 ಓಂ ರೋಧ. ಹತ್ತು ಮೀಟರ್ ಕೇಬಲ್ ಎಂದರೆ ಹೋಗಿಬರುವ ದಾರಿ ಇಪ್ಪತ್ತು ಮೀಟರ್, ನಾಲ್ಕು ಓಂಗೂ ಮೇಲೆ. ಅರ್ಧ ಆಂಪಿಯರ್ ಎಳೆಯುವ ಸಾಧನ ಹಾಕಿದರೆ ಎರಡು ವೋಲ್ಟಿಗಿಂತ ಹೆಚ್ಚು ದಾರಿಯಲ್ಲೇ ಖರ್ಚಾಗುತ್ತದೆ. ಐದು ವೋಲ್ಟ್ ಹೊರಟದ್ದು ಮೂರು ವೋಲ್ಟೂ ಆಗಿ ಮುಟ್ಟುವುದಿಲ್ಲ. ಕೀಬೋರ್ಡು ಮೌಸು ಅಲ್ಪತೃಪ್ತರು, ಬದುಕಿಕೊಳ್ಳುತ್ತವೆ. ಮೈಕಿನ ಆಡಿಯೊ ಇಂಟರ್‌ಫೇಸ್ ಮಾತ್ರ ನಡುನಡುವೆ ಮೂರ್ಛೆ ಹೋಗುತ್ತದೆ. ತನ್ನದೇ ಅಡಾಪ್ಟರ್ ಇರುವ ಹಬ್ಬೊಂದನ್ನು ಮೇಜಿನ ಮೇಲಿಟ್ಟು ಎಲ್ಲವನ್ನೂ ಅದಕ್ಕೆ ಚುಚ್ಚುವುದು ಇದಕ್ಕೆ ಪರಿಹಾರ. ಪೆನ್‌ಡ್ರೈವ್ ಹಾಕಲು ಪ್ರತಿಸಲ ಪಕ್ಕದ ಕೋಣೆಗೆ ಓಡುವುದೂ ತಪ್ಪುತ್ತದೆ. ಯುಎಸ್‌ಬಿ 3ರ ವೇಗ ಬೇಕೆಂದರೆ ಮೂರು ಮೀಟರೇ ಹೆಚ್ಚು. ಥಂಡರ್‌ಬೋಲ್ಟಿನ ಪೂರ್ಣ ವೇಗಕ್ಕೆ ಸಾದಾ ತಾಮ್ರದ ಕೇಬಲ್ ಒಂದು ಮೀಟರಿನಾಚೆ ಸಾಗುವುದಿಲ್ಲ.

ಎರಡೂ ಲೆಕ್ಕವನ್ನು ಎದುರುಬದುರು ಇಟ್ಟು ನೋಡಿದರೆ ದಾರಿ ತಾನಾಗಿ ಕಾಣುತ್ತದೆ. ಗೋಡೆ ಒಂದಾದರೂ ನಡುವೆ ಬರಬೇಕು, ಕೇಬಲ್ ಮೂರು ಮೀಟರ್ ದಾಟಬಾರದು. ಅಂದರೆ ಡಬ್ಬವನ್ನು ಮನೆಯ ಆ ತುದಿಗೆ ಕಳಿಸುವುದಲ್ಲ. ಮೇಜನ್ನು ಒಂದು ಗೋಡೆಗೆ ಆನಿಸಿ, ಅದೇ ಗೋಡೆಯ ಬೆನ್ನಿಗೆ ಡಬ್ಬ ಇಡುವುದು. ನಡುವೆ ಒಂದೇ ತೂತು. ಮಾಮೂಲಿ ಎಚ್‌ಡಿಎಂಐ, ಮಾಮೂಲಿ ಯುಎಸ್‌ಬಿ, ಅಂಗಡಿಯ ಅಗ್ಗದ ಕೇಬಲ್‌ಗಳೇ ಸಾಕು. ಎಲ್ಲಿಂದಲೋ ತರಿಸಬೇಕಾದ ಆಪ್ಟಿಕಲ್ಲೂ ಬೇಡ, ಸಂಕೇತವನ್ನು ದೂರ ದಾಟಿಸುವ ಎಕ್ಸ್‌ಟೆಂಡರೂ ಬೇಡ. ಇಷ್ಟು ಸರಳವಾದದ್ದನ್ನು ಬಿಟ್ಟು ಜನ ದೂರದ ಸ್ಟೋರ್ ರೂಮಿಗೆ ಹದಿನೈದು ಮೀಟರ್ ಎಳೆಯಹೋಗುವುದು, ಸದ್ದಿನಿಂದ ದೂರ ಹೋಗಬೇಕು ಎಂಬ ಹಳೆಯ ಅಭ್ಯಾಸದಿಂದ.

ತೂತಿನ ಅಳತೆ ಮಾತ್ರ ಮೊದಲೇ ನಿರ್ಧರಿಸಬೇಕು. ವೈರಿಂಗ್ ಮಾಡುವವರು ಗೋಡೆಯೊಳಗೆ ಹೂಳುವ ಮುಕ್ಕಾಲು ಇಂಚಿನ ಪೈಪಿನಲ್ಲಿ ಎಚ್‌ಡಿಎಂಐ ಕೇಬಲಿನ ತಲೆ ತೂರುವುದಿಲ್ಲ. ತಲೆಯೇ ಎರಡು ಸೆಂಟಿಮೀಟರ್ ಅಗಲ. ಮೈಸೂರಿನ ಪರಿಚಯದವರೊಬ್ಬರ ಮನೆಯಲ್ಲಿ ಎಲೆಕ್ಟ್ರೀಷಿಯನ್ ಅದನ್ನು ಪೈಪಿನ ಬಾಯಿಗೆ ಹಿಡಿದು, ತಿರುಗಿಸಿ, ಓರೆ ಮಾಡಿ ನೋಡಿ ಕೊನೆಗೆ ಸೊಂಟದಿಂದ ಕಟಿಂಗ್ ಪ್ಲೈಯರ್ ತೆಗೆದ.

'ತಲೆ ಹೋಗಲ್ಲ ಸಾರ್. ಕಟ್ ಮಾಡಿ ಆ ಕಡೆ ಜಾಯಿಂಟ್ ಹೊಡೀತೀನಿ.'

'ಅಯ್ಯೋ ಬೇಡ ಮಾರಾಯ, ಅದು ಜಾಯಿಂಟ್ ಹೊಡೆಯೋ ವೈರಲ್ಲ.'

'ಟೇಪ್ ಸುತ್ತಿ ನೀಟಾಗಿ ಮಾಡ್ಕೊಡ್ತೀನಿ, ಡೌಟೇ ಬೇಡ. ಕರೆಂಟ್ ಪಾಸಾದ್ರೆ ಸಾಕಲ್ವಾ?'

ಸಾಲದು. ಅದರೊಳಗೆ ಹತ್ತೊಂಬತ್ತು ಸಂಪರ್ಕಗಳಿವೆ, ವೇಗದ ಜೋಡಿತಂತಿಗಳನ್ನು ಒಂದೇ ಹದದಲ್ಲಿ ಹೆಣೆದಿರುತ್ತಾರೆ. ಹೆಣಿಗೆ ಬಿಚ್ಚಿ ಕೈಯಲ್ಲಿ ತಿರುಚಿದ ಕಡೆ ಸಂಕೇತ ಹಿಂದಕ್ಕೆ ಪುಟಿಯುತ್ತದೆ. ಆತ ಹೇಳಿದ್ದರಲ್ಲಿ ತಪ್ಪೇನೂ ಇಲ್ಲ, ಅವನು ಎಳೆಯುವ ತಂತಿಗಳೆಲ್ಲ ಹಾಗೆ ಜೋಡಿಸಿದರೆ ಕೆಲಸ ಮಾಡುವಂಥವೇ. ಇದಕ್ಕೆ ಎರಡು ಇಂಚಿನ ತೂತೇ ಬೇಕು. ಎ.ಸಿ. ಕೂರಿಸುವವರ ಬಳಿ ಕೋರ್ ಕಟರ್ ಇರುತ್ತದೆ, ಹೆಚ್ಚು ದೂಳಿಲ್ಲದೆ ದುಂಡಗೆ ಕೊರೆದುಕೊಡುತ್ತಾರೆ. ಅದಕ್ಕೊಂದು ಪಿವಿಸಿ ತುಂಡು ತೂರಿಸಿ ಅಂಚಿಗೆ ಗಾರೆ ಮೆತ್ತಿದರೆ ನಾಳೆ ಕೇಬಲ್ ಬದಲಿಸುವುದೂ ಸುಲಭ. ಕೊರೆಯುವ ಮುಂಚೆ ಸ್ವಿಚ್‌ಬೋರ್ಡಿನ ನೇರ ಮೇಲೆ ಕೆಳಗೆ ತಂತಿ ಹೋಗಿರಬಹುದು ಎಂಬುದನ್ನೂ, ಕಾಂಕ್ರೀಟು ಕಂಬ ತೊಲೆಗಳನ್ನು ಮುಟ್ಟಬಾರದು ಎಂಬುದನ್ನೂ ಹೇಳಬೇಕಾಗಿಲ್ಲ. ಹೇಳಿದ್ದೇನೆ.

ಬಾಡಿಗೆ ಮನೆಯಾದರೆ? ಮಾಲೀಕರು ಕ್ಯಾಲೆಂಡರಿನ ಮೊಳೆಗೇ ಮುಖ ಸಿಂಡರಿಸುವಾಗ ಎರಡಿಂಚಿನ ತೂತಿನ ಮಾತೆಲ್ಲಿ ಬಂತು. ಹಳೆಯ ಮನೆಗಳಲ್ಲಿ ಬಾಗಿಲ ಮೇಲೆ ವೆಂಟಿಲೇಟರ್ ಇರುತ್ತದೆ, ಕೆಲವು ಕಡೆ ಹಿಂದಿನವರು ಎ.ಸಿ.ಗೆಂದು ಕೊರೆಸಿಟ್ಟ ತೂತಿರುತ್ತದೆ. ಆ ದಾರಿಯಲ್ಲಿ ಏಳೆಂಟು ಮೀಟರ್ ಆಗುತ್ತದೆ. ಆಗ ಆಪ್ಟಿಕಲ್ ಕೇಬಲಿನ ಖರ್ಚಿಗೆ ಅರ್ಥವಿದೆ. ಇನ್ನೊಂದು ದಾರಿಯೂ ಇದೆ: ಚಿತ್ರವನ್ನು ನೆಟ್‌ವರ್ಕಿನಲ್ಲೇ ಕಳಿಸುವುದು. ದೊಡ್ಡ ಡಬ್ಬ ಎಲ್ಲೋ ಇರುತ್ತದೆ, ಮೇಜಿನ ಮೇಲೆ ಫ್ಯಾನಿಲ್ಲದ ಒಂದು ಪುಟ್ಟ ಮಷೀನೋ ಹಳೆಯ ಲ್ಯಾಪ್‌ಟಾಪೋ ಇರುತ್ತದೆ. ಮೂನ್‌ಲೈಟ್, ಪಾರ್ಸೆಕ್, ವಿಂಡೋಸಿನ ರಿಮೋಟ್ ಡೆಸ್ಕ್‌ಟಾಪ್ ಥರದ ತಂತ್ರಾಂಶ ಆ ಕಡೆಯ ಪರದೆಯನ್ನು ಈ ಕಡೆಗೆ ತರುತ್ತದೆ. ಈಥರ್‌ನೆಟ್ ತಂತಿ ನೂರು ಮೀಟರ್ ಓಡುವುದರಿಂದ ಕೋಣೆಯ ಚಿಂತೆಯೇ ಇಲ್ಲ. ಬರೆಯುವವರಿಗೆ, ಲೆಕ್ಕಪತ್ರದವರಿಗೆ, ಪ್ರೋಗ್ರಾಮಿಂಗ್ ಮಾಡುವವರಿಗೆ ಇದು ಧಾರಾಳ ಸಾಕು. ಸಂಗೀತದವರಿಗೆ ಬೇಡ. ಕೀಲಿಮಣೆ ಒತ್ತಿದ್ದಕ್ಕೂ ಸ್ವರ ಕೇಳಿದ್ದಕ್ಕೂ ನಡುವೆ ಕೆಲವು ಹತ್ತು ಮಿಲಿಸೆಕೆಂಡ್ ತಡವಾದರೆ ತಾಳ ಕೈಕೊಡುತ್ತದೆ.

ಬೆನ್ನಿಗೆ ಬೆನ್ನಾಗಿ ಇಡುವಾಗ ಆ ಕಡೆಯ ಕೋಣೆ ಯಾವುದು ಎಂಬುದು ಉಳಿದ ಪ್ರಶ್ನೆ. ಸದ್ದು ಸಾಯುವುದಿಲ್ಲ, ಮನೆಯ ಇನ್ನೊಬ್ಬರ ಪಾಲಿಗೆ ಹೋಗುತ್ತದೆ. ಅತ್ತೆ ಮಾವ ಮಲಗುವ ಕೋಣೆಗೆ ಡಬ್ಬ ತಳ್ಳಿ ಈ ಕಡೆ ನಿಶ್ಶಬ್ದವಾಗಿ ರೆಕಾರ್ಡಿಂಗ್ ಮಾಡುತ್ತೇನೆ ಎನ್ನುವುದು ನಡೆಯದ ಮಾತು. ಪಡಸಾಲೆಯ ಮೂಲೆ, ಮೆಟ್ಟಿಲ ಕೆಳಗಿನ ಜಾಗ, ಓಡಾಡುವ ಪ್ಯಾಸೇಜು ವಾಸಿ. ಪಾತ್ರೆ ತೊಳೆಯುವ, ಬಟ್ಟೆ ಒಗೆಯುವ ಯುಟಿಲಿಟಿ ಬೇಡ, ತೇವ. ಕರಾವಳಿಯಲ್ಲಂತೂ ಗಾಳಿಯ ಉಪ್ಪೇ ಕನೆಕ್ಟರುಗಳನ್ನು ತಿನ್ನುತ್ತದೆ. ದೇವರ ಕೋಣೆ ಖಾಲಿ ಇದೆಯಲ್ಲ ಎಂದು ಅಲ್ಲಿಡುವ ಯೋಚನೆ ಬಂದರೆ, ಎಣ್ಣೆದೀಪದ ಮಸಿ ಮತ್ತು ಊದುಬತ್ತಿಯ ಹೊಗೆಯನ್ನು ಫ್ಯಾನು ಭಕ್ತಿಯಿಂದ ಒಳಗೆಳೆದುಕೊಂಡು ರೆಕ್ಕೆಗೆ ಬಳಿದುಕೊಳ್ಳುತ್ತದೆ ಎಂಬುದು ನೆನಪಿರಲಿ.

ಅತಿ ಕೆಟ್ಟ ಜಾಗವೆಂದರೆ ಬಾಗಿಲು ಹಾಕಿದ ವಾರ್ಡ್‌ರೋಬು. 300 ವ್ಯಾಟ್ ಎಳೆಯುವ ಕಂಪ್ಯೂಟರನ್ನು ಅದರಲ್ಲಿಟ್ಟರೆ ಹಳೆಯ ಕಾಲದ ನೂರು ಕ್ಯಾಂಡಲಿನ ಮೂರು ಬಲ್ಬು ಹೊತ್ತಿಸಿ ಬೀರುವಿನ ಬಾಗಿಲು ಮುಚ್ಚಿದಂತೆ. 300 ವ್ಯಾಟ್ ಶಾಖವನ್ನು ಹೊತ್ತೊಯ್ಯುವ ಗಾಳಿ ಹತ್ತು ಡಿಗ್ರಿಗಿಂತ ಹೆಚ್ಚು ಬಿಸಿಯಾಗಬಾರದು ಎಂದಾದರೆ ಸೆಕೆಂಡಿಗೆ 25 ಲೀಟರ್ ಗಾಳಿ ಹಾಯಬೇಕು. ಮುಚ್ಚಿದ ಬೀರುವಿನಲ್ಲಿ ಅಷ್ಟು ಗಾಳಿ ಎಲ್ಲಿಂದ ಬರಬೇಕು? ಪ್ರೊಸೆಸರ್ 95–100 ಡಿಗ್ರಿ ಮುಟ್ಟಿದಾಗ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ, ಕೆಲಸ ಕುಂಟುತ್ತದೆ. ಸಜ್ಜೆಯ ಮೇಲೂ ಹಾಗೆಯೇ. ಬಿಸಿಗಾಳಿ ಮೇಲೇರಿ ಅಲ್ಲೇ ತಂಗುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರಿನ ಮನೆಗಳಲ್ಲಿ ತಾರಸಿಯ ಕೆಳಗಿನ ಸಜ್ಜೆ ಏಪ್ರಿಲ್ ತಿಂಗಳಲ್ಲಿ ಒಲೆಯೇ.

ವಿದ್ಯುತ್ತಿನ ವಿಷಯವನ್ನು ಜನ ಮರೆತೇಬಿಡುತ್ತಾರೆ, ಮರೆಯಬಾರದ್ದು ಇದೊಂದೇ. ಬರಿಗಾಲಲ್ಲಿ ನಿಂತು ಸಿಪಿಯು ಡಬ್ಬ ಮುಟ್ಟಿದಾಗ ಬೆರಳಿಗೆ ಜುಮ್ಮೆಂದ ಅನುಭವ ನಮ್ಮಲ್ಲಿ ಹಲವರಿಗಿದೆ. ಒಳಗಿನ ಪವರ್ ಸಪ್ಲೈಯಲ್ಲಿ ವಿದ್ಯುತ್ ಗಲಭೆ ಸೋಸಲು ಫೇಸಿನಿಂದಲೂ ನ್ಯೂಟ್ರಲಿನಿಂದಲೂ ಡಬ್ಬದ ಲೋಹಕ್ಕೆ ಒಂದೊಂದು ಪುಟ್ಟ ಕೆಪಾಸಿಟರ್ ಇರುತ್ತದೆ. ಅರ್ತಿಂಗ್ ಸರಿಯಿದ್ದರೆ ಸೋರಿದ್ದೆಲ್ಲ ಭೂಮಿಗೆ ಹೋಗುತ್ತದೆ. ಇಲ್ಲದಿದ್ದರೆ ಡಬ್ಬದ ಮೈ 230 ವೋಲ್ಟಿನ ಅರ್ಧದಲ್ಲಿ, ಹೆಚ್ಚುಕಮ್ಮಿ 115 ವೋಲ್ಟಿನಲ್ಲಿ ತೇಲುತ್ತಿರುತ್ತದೆ. ಹರಿಯುವ ಕರೆಂಟ್ ಅತ್ಯಲ್ಪ, ಹಾಗಾಗಿ ಬರೀ ಜುಮ್ಮೆನ್ನುತ್ತದೆ. ಈಗ ಡಬ್ಬ ಒಂದು ಕೋಣೆಯ ಪ್ಲಗ್ಗಿನಲ್ಲಿ, ಪರದೆ ಇನ್ನೊಂದು ಕೋಣೆಯದರಲ್ಲಿ. ಒಂದಕ್ಕೆ ಅರ್ತಿಂಗ್ ಇದೆ, ಇನ್ನೊಂದಕ್ಕಿಲ್ಲ. ಎರಡೂ ಚಾಲೂ ಇರುವಾಗ ಎಚ್‌ಡಿಎಂಐ ಚುಚ್ಚಿದರೆ ಆ ವ್ಯತ್ಯಾಸವೆಲ್ಲ ಕೇಬಲಿನ ಮೂಲಕವೇ ಸಮವಾಗಲು ನುಗ್ಗುತ್ತದೆ. ಒಂದು ಸಣ್ಣ ಕಿಡಿ, ಪೋರ್ಟ್ ಸತ್ತಿತು. ಸಾಯದಿದ್ದರೂ ಸ್ಪೀಕರಿನಲ್ಲಿ 50 ಹರ್ಟ್ಸ್‌ನ ಹಮ್ ಶುರುವಾಗಬಹುದು. ಫ್ಯಾನಿನ ಸದ್ದು ಬೇಡವೆಂದು ಹೊರಟವರಿಗೆ ಅದು ಇನ್ನೊಂದು ತಲೆನೋವು. ಆದ್ದರಿಂದ ಪರದೆ, ಹಬ್, ಸ್ಪೀಕರ್, ಡಬ್ಬ ಎಲ್ಲಕ್ಕೂ ವಿದ್ಯುತ್ತು ಒಂದೇ ಬೋರ್ಡಿನಿಂದ, ಸಾಧ್ಯವಾದರೆ ಒಂದೇ ಯುಪಿಎಸ್ಸಿನಿಂದ ಬರಲಿ; ಡಬ್ಬ, ಪರದೆ ಎರಡನ್ನೂ ಆರಿಸಿಯೇ ಕೇಬಲ್ ಜೋಡಿಸಿ. ಯುಪಿಎಸ್ಸೂ ಗೋಡೆಯಾಚೆಯೇ ಇರಲಿ. ಕರೆಂಟು ಹೋದಾಗ ಅದು ಕಿರುಚುವುದು ಮೈಕಿಗೆ ಬೇಕಾಗಿಲ್ಲ.

ಇಷ್ಟಾದ ಮೇಲೆ ಆನ್ ಮಾಡುವುದು ಹೇಗೆ? ಪ್ರತಿ ಬೆಳಿಗ್ಗೆ ಆ ಕಡೆ ಹೋಗಿ ಗುಂಡಿ ಒತ್ತುವುದರಲ್ಲಿ ಅವಮಾನವೇನಿಲ್ಲ. ಬೇಡವೆಂದರೆ, ಮದರ್‌ಬೋರ್ಡಿನ ಪವರ್ ಗುಂಡಿ ಎಂಬುದು ಎರಡು ಪಿನ್‌ಗಳನ್ನು ಕ್ಷಣಕಾಲ ಮುಟ್ಟಿಸುವ ಕೆಲಸವಷ್ಟೆ. ಅಲ್ಲಿಂದ ತೆಳುವಾದ ಜೋಡಿ ತಂತಿ ಎಳೆದು ಮೇಜಿನ ಅಂಚಿಗೆ ಒಂದು ಹೊಸ ಕಾಲಿಂಗ್ ಬೆಲ್ ಸ್ವಿಚ್ ಕೂರಿಸಿದರೆ ಆಯಿತು. ಆ ತಂತಿಯಲ್ಲಿರುವುದು ಐದು ವೋಲ್ಟೋ ಅದಕ್ಕೂ ಕಡಿಮೆಯೋ. ಅದನ್ನು 230 ವೋಲ್ಟಿನ ತಂತಿಗಳ ಜೊತೆ ಒಂದೇ ಪೈಪಿನಲ್ಲಿ ಎಳೆಯಬಾರದು. ನೆಟ್‌ವರ್ಕಿನಿಂದ ಎಬ್ಬಿಸುವುದೂ ಉಂಟು: ಬಯಾಸಿನಲ್ಲಿ ವೇಕ್ ಆನ್ ಲ್ಯಾನ್ ಆನ್ ಮಾಡಿಟ್ಟರೆ, ಮೊಬೈಲಿನಿಂದ 102 ಬೈಟಿನ ಒಂದು ಸಂದೇಶ ಕಳಿಸಿದಾಗ ಮಷೀನ್ ಎದ್ದು ಕೂರುತ್ತದೆ. ಆರು ಬೈಟು ಕರೆ, ಉಳಿದ 96ರಲ್ಲಿ ಆ ಮಷೀನಿನ ವಿಳಾಸವನ್ನೇ ಹದಿನಾರು ಸಲ ಹೇಳಿರುತ್ತದೆ. ನಿದ್ದೆಗಣ್ಣಿನವರನ್ನು ಹೆಸರು ಹಿಡಿದು ಕೂಗುವುದಕ್ಕೆ ಅಷ್ಟಾದರೂ ಬೇಕಲ್ಲ.

ವೈರ್‌ಲೆಸ್ ಮೌಸ್ ಬಳಸುವವರು ಅದರ ಪುಟ್ಟ ರಿಸೀವರನ್ನು ಡಬ್ಬದ ಹಿಂದೆ ಚುಚ್ಚಿ, ಗೋಡೆಯಾಚೆಯಿಂದ ಬಾಣ ತಡವರಿಸುತ್ತದೆ ಎಂದು ದೂರುತ್ತಾರೆ. ಇಟ್ಟಿಗೆ, ಲೋಹದ ಡಬ್ಬ ಎರಡೂ ಅಡ್ಡ ಬರುವುದು ಹೌದು. ಅದಕ್ಕಿಂತ ಮುಖ್ಯವಾಗಿ, ಪಕ್ಕದ ಯುಎಸ್‌ಬಿ 3 ಪೋರ್ಟುಗಳು ಕೆಲಸ ಮಾಡುವಾಗ 2.4 ಗಿಗಾಹರ್ಟ್ಸ್ ಸುತ್ತ ರೇಡಿಯೊ ಗಲಾಟೆ ಎಬ್ಬಿಸುತ್ತವೆ. ಇಂಟೆಲ್ 2012ರಲ್ಲೇ ಇದನ್ನು ಬರೆದು ಪ್ರಕಟಿಸಿತ್ತು. ರಿಸೀವರ್ ಮೇಜಿನ ಮೇಲಿನ ಹಬ್‌ಗೆ ಬಂದರೆ ಸಮಸ್ಯೆ ತೀರಿತು.

ಗೋಡೆ ಕೊರೆಯುವ ದಿನಕ್ಕೆ ಮೊದಲು ಒಂದು ವಾರ ಕೇಬಲ್‌ಗಳನ್ನು ಬಾಗಿಲ ಮೂಲಕವೇ ಹಾಯಿಸಿ ಇಟ್ಟು ನೋಡುವುದು ಒಳ್ಳೆಯದು. ಪರದೆ ಮಿಣುಕುತ್ತದೆಯೇ, ಆಡಿಯೊ ಇಂಟರ್‌ಫೇಸ್ ಬಿದ್ದುಹೋಗುತ್ತದೆಯೇ, ಆ ಕಡೆಯ ಕೋಣೆಯವರು ಏನೆನ್ನುತ್ತಾರೆ, ಎಲ್ಲ ಅಷ್ಟರಲ್ಲಿ ಗೊತ್ತಾಗುತ್ತದೆ. ಆಪ್ಟಿಕಲ್ ಕೇಬಲ್ ತಂದಿದ್ದರೆ ಅದರ ಎರಡೂ ತಲೆಗಳ ಮೇಲೆ ಬರೆದದ್ದನ್ನು ಓದಿ: ಒಂದರ ಮೇಲೆ 'ಸೋರ್ಸ್', ಇನ್ನೊಂದರ ಮೇಲೆ 'ಡಿಸ್‌ಪ್ಲೇ' ಎಂದಿರುತ್ತದೆ. ಬೆಳಕು ಒಂದೇ ದಿಕ್ಕಿಗೆ ಹೋಗುವಂತೆ ಮಾಡಿದ ಕೇಬಲ್ ಅದು, ತಿರುಗಾಮುರುಗ ಹಾಕಿದರೆ ಚಿತ್ರ ಬರುವುದಿಲ್ಲ. ಪೈಪಿನೊಳಗೆ ಎಳೆದು, ಬಾಯಿಗೆ ಗಾರೆ ಮೆತ್ತಿ, ಎಲೆಕ್ಟ್ರೀಷಿಯನ್ ದುಡ್ಡು ಇಸಿದುಕೊಂಡು ಹೋದ ಮೇಲೆ ಅದನ್ನು ಓದಿದರೆ ಆತನಿಗೆ ಮತ್ತೆ ಫೋನ್ ಮಾಡಬೇಕಾಗುತ್ತದೆ.